ಅಪ್‌ಡೇಟ್: ಲಿಯೊನಿ ಲಾ ಫಾಂಟೇನ್ ಜೀವನಚರಿತ್ರೆಯ ವಿಮರ್ಶೆ ಮುಗಿಯಿತು

ವಿಮರ್ಶೆ ಬರೆಯಲು ಬೆಲ್ಜಿಯಂನ ಈ ಶಾಂತಿ ಹೋರಾಟಗಾರ್ತಿಯ ಬಗ್ಗೆ ಎಲ್ಲಿ ಹುಡುಕಿದರೂ ಅವರ ಅಣ್ಣ ಆನ್ರಿಯ ಹೆಸರೇ ಸಿಗುತ್ತಿದೆ, ಏನು ಮಾಡಲಿ ಅಂತ ಹಿಂದೆ ಕೇಳಿದ್ದೆ. ‘ಹಾಗಾದರೆ ಅಣ್ಣನ ಮನೆಯಿಂದಲೇ ಒಳಗೆ ಹೋಗಿ’ ಅಂದವರಿಗೆ ಮೊದಲ ಥ್ಯಾಂಕ್ಸ್.

ಆನ್ರಿಗೆ 1913ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಗ್ರಂಥಸೂಚಿ ತಜ್ಞ ಪಾಲ್ ಆಟ್ಲೆ ಜೊತೆ ಸೇರಿ ಅವರು ಕಟ್ಟಿದ, ಪುಸ್ತಕಗಳ ವಿವರ ಬರೆದ ಕಾರ್ಡುಗಳ ಮಹಾಸಂಗ್ರಹ ಈಗ ಬೆಲ್ಜಿಯಂನ ಮಾನ್ಸ್ ಊರಿನ ಮುಂಡೇನಿಯಂ ಎಂಬ ದಾಖಲೆ ಸಂಗ್ರಹಾಲಯದಲ್ಲಿದೆ. ತಂಗಿ ಲಿಯೊನಿಯ ಕಾಗದಪತ್ರಗಳೂ ಅಲ್ಲೇ ಇವೆ! ಸುಮ್ನೆ ಬೇರೆ ಕಡೆ ತಿಂಗಳುಗಟ್ಟಲೆ ಅಲೆದೆ.

ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನನ್ನ ಮೊದಲ ಕರಡಿನಲ್ಲಿ ಲಿಯೊನಿಯನ್ನು ಆನ್ರಿಯ ಹೆಂಡತಿ ಮಾಡಿಬಿಟ್ಟಿದ್ದೆ. ಹೆಂಡತಿ ಮಟಿಲ್ಡ್, ಲಿಯೊನಿ ತಂಗಿ. ಅದನ್ನು ಹಿಡಿದವರು ನಮ್ಮ ಮನೆಯವರು, ಅದೂ ಕಾಫಿ ಕುಡಿಯುತ್ತಾ.

ಪುಸ್ತಕದ ಬಗ್ಗೆ ನನ್ನ ತಕರಾರು ಒಂದೇ. ಶಾಂತಿ ಚಳವಳಿ ಒಂದು ಅಧ್ಯಾಯ, ಮಹಿಳಾ ಹಕ್ಕು ಇನ್ನೊಂದು ಅಧ್ಯಾಯ ಅಂತ ಬೇಲಿ ಹಾಕಿದ್ದಾರೆ. ಲಿಯೊನಿಯ ಬದುಕಿನಲ್ಲಿ ಅವೆರಡೂ ಒಂದೇ ಕೆಲಸ ಅಲ್ವಾ? 1905ರಲ್ಲಿ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮರೀ ಪೋಪ್ಲಾಂ ಮುಂದಾಳತ್ವದಲ್ಲಿ ಬೆಲ್ಜಿಯಂನ ರಾಷ್ಟ್ರೀಯ ಮಹಿಳಾ ಮಂಡಳಿ ಹುಟ್ಟಿತು. ಪೋಪ್ಲಾಂ 1913ರಲ್ಲಿ ತೀರಿಕೊಂಡ ಮೇಲೆ ಲಿಯೊನಿ ಅಧ್ಯಕ್ಷರಾದರು. ಮರುವರ್ಷವೇ ಜರ್ಮನ್ ಸೈನ್ಯ ದೇಶದೊಳಗೆ ನುಗ್ಗಿತು. ಶಾಂತಿ ಬೇಕು ಅನ್ನುವವರಿಗೆ ಅದಕ್ಕಿಂತ ಕಷ್ಟದ ಹೊತ್ತು ಯಾವುದು? ಆ ಇಕ್ಕಟ್ಟಿಗೆ ಪುಸ್ತಕದಲ್ಲಿ ಜಾಗ ಕಮ್ಮಿ.

ಬೆಲ್ಜಿಯಂನ ಹೆಂಗಸರಿಗೆ ಸಂಸತ್ ಚುನಾವಣೆಯ ಮತದ ಹಕ್ಕು ಎಲ್ಲರಿಗೂ ಸಿಕ್ಕಿದ್ದು 1948ರಲ್ಲಿ. ಲಿಯೊನಿ ತೀರಿಕೊಂಡಿದ್ದು 1949ರಲ್ಲಿ. ವಿಮರ್ಶೆಯನ್ನು ಅಲ್ಲಿಂದಲೇ ಶುರು ಮಾಡಿದ್ದೇನೆ.