ಹುಟ್ಟು ಜಾಸ್ತಿ, ಸಾವು ಕಡಿಮೆ, ಆದರೂ ಜನಸಂಖ್ಯೆ ಇಳಿಯುತ್ತಾ?

ಸಾಗರದ ಹುಡುಗಿ:

ಬಿಎ ಮೊದಲ ವರ್ಷ, ಭೂಗೋಳ ತಗೊಂಡಿದ್ದೇನೆ. ಈ ಸಲ ಜನಸಂಖ್ಯಾ ಭೂಗೋಳ ಇದೆ. ಅಸೈನ್‌ಮೆಂಟಿಗೆ 2011ರ ಜನಗಣತಿ ನೋಡುತ್ತಾ ಕೂತಿದ್ದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ 11,40,905 ಜನ ಇದ್ದರು, 2011ರಲ್ಲಿ 11,37,961. ಇಳಿದಿದೆ! ನಮ್ಮ ಶಿವಮೊಗ್ಗ ಸುಮಾರು ಶೇ 6.7ರಷ್ಟು ಏರಿದೆ, ಅಷ್ಟೇ. ಇಡೀ ರಾಜ್ಯ ಶೇ 15.6 ಬೆಳೆದಿದೆ. ಹಾಗಾದ್ರೆ ಮಲೆನಾಡಿನಲ್ಲಿ ಹುಟ್ಟಿಗಿಂತ ಸಾವು ಜಾಸ್ತಿಯಾ?

ಇನ್ನೊಂದು ಡೌಟು. ಸಾವಿರ ಗಂಡಸರಿಗೆ ಶಿವಮೊಗ್ಗದಲ್ಲಿ 998 ಹೆಂಗಸರು, ಚಿಕ್ಕಮಗಳೂರಲ್ಲಿ 1008. ರಾಜ್ಯದಲ್ಲಿ 973. ‘ಇಲ್ಲಿ ಹೆಣ್ಣುಮಕ್ಕಳ ಸ್ಥಿತಿ ಚೆನ್ನಾಗಿದೆ’ ಅಂತ ಬರೆದುಬಿಡಲಾ?

ಹೊಸನಗರದ ಮೇಷ್ಟ್ರು:

ಬರೆಯಬೇಡಮ್ಮ, ಸ್ವಲ್ಪ ತಡಿ. ಮೊದಲು ಲೆಕ್ಕ ಮಾಡೋಣ.

ಒಂದು ಊರಿನ ಜನಸಂಖ್ಯೆ ಬದಲಾಗೋಕೆ ಇರುವುದು ಮೂರೇ ದಾರಿ. ಹುಟ್ಟು, ಸಾವು, ವಲಸೆ. ಗೈಡುಗಳಲ್ಲಿ ಮೊದಲೆರಡನ್ನೇ ಪುಟಗಟ್ಟಲೆ ಬರೆದಿರುತ್ತಾರೆ. ಆಹಾರಕ್ಕಿಂತ ಜನಸಂಖ್ಯೆ ಬೇಗ ಬೆಳೆಯುತ್ತದೆ ಅಂದ 1798ರ ಮಾಲ್ಥಸ್ ಬಾಯಿಪಾಠ ಆಗಿರುತ್ತದೆ, ಸ್ವಂತ ಜಿಲ್ಲೆಯ ಪಟ್ಟಿಯನ್ನು ಯಾರೂ ತೆರೆದಿರುವುದಿಲ್ಲ. ನೀನು ತೆರೆದೆಯಲ್ಲ, ಅಲ್ಲಿಗೆ ಅರ್ಧ ಪಾಸು.

2011ರ ಹೊತ್ತಿಗೆ ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಿಗೆ ಸುಮಾರು 19 ಹುಟ್ಟು, 7 ಸಾವು. ನಿವ್ವಳ 12. ಇದೇ ದರವನ್ನು ಚಿಕ್ಕಮಗಳೂರಿಗೆ ಹಾಕು. 11.4 ಲಕ್ಷ ಜನರಿಗೆ ವರ್ಷಕ್ಕೆ ಹದಿಮೂರು ಸಾವಿರದ ಮೇಲೆ ಸೇರಬೇಕು, ಹತ್ತು ವರ್ಷಕ್ಕೆ 1.3 ಲಕ್ಷ. ಸೇರುವುದಿರಲಿ, 2,944 ಕಡಿಮೆಯೇ ಆಗಿದೆ. ಮಲೆನಾಡಿನಲ್ಲಿ ಮನೆಗೆ ಒಂದೋ ಎರಡೋ ಮಕ್ಕಳು, ವಯಸ್ಸಾದವರು ಜಾಸ್ತಿ, ಹಾಗಾಗಿ 1.3 ಲಕ್ಷ ಪೂರ್ತಿ ಸೇರಲಿಕ್ಕಿಲ್ಲ. ಆದರೆ ಹುಟ್ಟು ಎಷ್ಟೇ ಇಳಿದಿದ್ದರೂ ಸಾವಿಗಿಂತ ಕೆಳಗೆ ಹೋಗಿರಲಿಲ್ಲ. ಉಳಿದವರು ಎಲ್ಲಿ? ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಗಿದೆ. ಎಲ್ಲರೂ ನಮ್ಮವರಲ್ಲ ಬಿಡು, ನಮ್ಮವರೂ ಇದ್ದಾರೆ.

ನಾನು 2011ರಲ್ಲಿ ಗಣತಿದಾರನಾಗಿದ್ದೆ. ಬಯಲುಸೀಮೆಯಲ್ಲಾದರೆ ಒಂದು ಬೀದಿ ಹಿಡಿದರೆ ಸಾಲಾಗಿ ಮನೆ. ನಮ್ಮಲ್ಲಿ ಒಂದು ಗ್ರಾಮ ಅಂದರೆ ನಾಲ್ಕಾರು ಮಜರೆ. ಒಂದೊಂದು ಮನೆ ಅದರದರ ತೋಟದ ತಲೆಗೆ, ನಡುವೆ ಹಳ್ಳ, ಸಂಕ, ಗುಡ್ಡ. ಹೋದಲ್ಲೆಲ್ಲ ಜಗಲಿಯಲ್ಲಿ ಯಜಮಾನರು, ಒಳಗೆ ಅಮ್ಮ. ಒಂದು ಮನೆಯಲ್ಲಿ ಇಬ್ಬರನ್ನು ಬರೆದು ಸಹಿ ಕೇಳಿದರೆ ಅಮ್ಮನಿಗೆ ಸಿಟ್ಟು ಬಂತು. ‘ದೊಡ್ಡವನನ್ನ ಯಾಕೆ ಬಿಟ್ರಿ? ಅವನ ಪಾಲೂ ಇದೆ ಇದರಲ್ಲಿ’ ಅಂದರು. ನಿಯಮ ಹೇಗಿತ್ತು ಅಂದರೆ, ಫೆಬ್ರವರಿ 9ರಿಂದ 28ರವರೆಗೆ ಪೂರ್ತಿ ಊರಲ್ಲಿ ಇಲ್ಲದವರನ್ನು ಅಲ್ಲಿ ಬರೆಯುವ ಹಾಗಿಲ್ಲ. ಆಸ್ತಿಗೂ ಇದಕ್ಕೂ ಸಂಬಂಧ ಇಲ್ಲ. ಕಾಫಿ ಕೊಟ್ಟರು, ಆದರೆ ಸಮಾಧಾನ ಆಗಲಿಲ್ಲ.

ಈಗ ನಿನ್ನ ಎರಡನೇ ಪ್ರಶ್ನೆ. ಆ ದೊಡ್ಡವನಂಥವರು ಹೊರಟರೆ ಪಟ್ಟಿಯಲ್ಲಿ ಗಂಡಸರು ಕಡಿಮೆ, ಲಿಂಗಾನುಪಾತ ತಾನಾಗೇ ಏರುತ್ತದೆ. ಉಡುಪಿಯದು 1094, ಅಲ್ಲಿಂದ ಮುಂಬೈ, ಗಲ್ಫ್ ಕಡೆ ಹೋದವರನ್ನು ನೆನಪಿಸಿಕೋ. ಹೆಣ್ಣುಮಕ್ಕಳ ಸ್ಥಿತಿ ತಿಳಿಯಬೇಕಾದರೆ 0–6 ವಯಸ್ಸಿನ ಅನುಪಾತ ನೋಡು. ಆ ಮಕ್ಕಳು ಕೆಲಸ ಹುಡುಕಿ ಊರು ಬಿಟ್ಟವರಲ್ಲ. ರಾಜ್ಯದಲ್ಲಿ ಅದು 948, ಅಂದರೆ 973ಕ್ಕಿಂತ ಕಡಿಮೆ. ಖುಷಿಪಡುವಂಥದ್ದೇನಲ್ಲ.

ತೀರ್ಥಹಳ್ಳಿ ಟು ಬೆಂಗಳೂರು:

ಮೇಷ್ಟ್ರೇ, ಆ ‘ದೊಡ್ಡವನು’ ನಾನೇ ಅನ್ಕೊಳ್ಳಿ! ನನ್ನ ವೋಟು, ರೇಷನ್ ಕಾರ್ಡು ಎರಡೂ ಊರಲ್ಲೇ ಇವೆ. ಮುಂದಿನ ಗಣತಿಯಲ್ಲಿ ನಾನು ಎಲ್ಲಿಯವನು?

ಹೊಸನಗರದ ಮೇಷ್ಟ್ರು:

ಬೆಂಗಳೂರಿನವನು. 2021ರ ಗಣತಿ ನಡೆಯಲೇ ಇಲ್ಲ, ಈಗ 2027ರ ಮಾರ್ಚ್ 1 ಗೊತ್ತಾಗಿದೆ. ಅದರ ಹಿಂದಿನ ದಿನಗಳಲ್ಲಿ ನೀನು ಎಲ್ಲಿ ವಾಸವಿದ್ದೀಯೋ ಅಲ್ಲಿಗೆ ಸೇರುತ್ತೀಯ. ವೋಟು ಊರಲ್ಲಿದೆ ಅಂತ ಗಣತಿದಾರನ ಹತ್ತಿರ ಜಗಳ ಆಡಬೇಡ ಮಾರಾಯ, ಅವನಿಗೆ ಮೊದಲೇ ಸಾಕಾಗಿರುತ್ತದೆ.

ಅಡಿಕೆ ತೋಟ:

ಹೋದವರ ಲೆಕ್ಕ ಆಯ್ತು, ಬಂದವರದ್ದು? ನಮ್ಮ ಕಡೆ ಅಡಿಕೆ ಕೊನೆ ಕೊಯ್ಲಿಗೆ ಬಯಲುಸೀಮೆಯಿಂದ ಬರುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅಸ್ಸಾಂನವರು. ಇವರನ್ನು ಯಾರು ಎಣಿಸುತ್ತಾರೆ? ಮತ್ತೆ ಶರಾವತಿ ಮುಳುಗಡೆ ಆದಾಗ ಸಾವಿರಾರು ಮನೆ ಎದ್ದು ಹೋಯಿತು, ಅದು ಯಾವ ಲೆಕ್ಕ?

ಹೊಸನಗರದ ಮೇಷ್ಟ್ರು:

ಒಳ್ಳೆ ಮಾತು. ಎಣಿಸುವ ತಿಂಗಳು ಯಾವುದು ಅನ್ನುವುದರ ಮೇಲೆ ಊರಿನ ಸಂಖ್ಯೆಯೇ ಬೇರೆ ಆಗುತ್ತದೆ. ಫೆಬ್ರವರಿಯಲ್ಲಿ ಕೊಯ್ಲಿನವರು ಕೆಲವರು ಇನ್ನೂ ಇರುತ್ತಾರೆ, ಕೆಲವರು ಹೊರಟಿರುತ್ತಾರೆ.

ಮುಳುಗಡೆಯದ್ದು ಇನ್ನೂ ಸೂಕ್ಷ್ಮ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಯಿತು. ಎದ್ದವರಲ್ಲಿ ತುಂಬಾ ಜನ ಶಿವಮೊಗ್ಗ ಜಿಲ್ಲೆಯೊಳಗೇ ಬೇರೆ ಕಡೆ ಕೂತರು. ಜಿಲ್ಲೆಯ ಒಟ್ಟು ಲೆಕ್ಕದಲ್ಲಿ ಅವರ ವಲಸೆ ಕಾಣುವುದೇ ಇಲ್ಲ. ಊರು, ಹೋಬಳಿ ಮಟ್ಟಕ್ಕೆ ಇಳಿದರೆ ಮಾತ್ರ ಕಾಣುತ್ತದೆ. ಜನಸಾಂದ್ರತೆಯ ಕಥೆಯೂ ಅದೇ. ಶಿವಮೊಗ್ಗ ಜಿಲ್ಲೆಗೆ ಚದರ ಕಿಲೋಮೀಟರಿಗೆ 207 ಜನ, ರಾಜ್ಯಕ್ಕೆ 319. ಆ 207ರಲ್ಲಿ ಹಿನ್ನೀರು, ಕಾಡು ಎಲ್ಲ ಸೇರಿದೆ. ನೀರಿನ ಮೇಲೆ ಯಾರು ಮನೆ ಕಟ್ಟುತ್ತಾರೆ? ಸಾಗುವಳಿ ಭೂಮಿಗೆ ಮಾತ್ರ ಭಾಗಿಸಿದರೆ ಸಂಖ್ಯೆ ಎಷ್ಟೋ ಮೇಲೆ ಹೋಗುತ್ತದೆ.

ಸಾಗರದ ಹುಡುಗಿ:

ಸರ್, ತುಂಬಾ ಥ್ಯಾಂಕ್ಸ್. ಊರು ಬಿಟ್ಟವರು ಯುವಕರೇ ಅಂತ ಅಂಕಿಅಂಶದಲ್ಲೇ ತೋರಿಸಬಹುದಾ? ಸುಮ್ನೆ ಹೇಳಿದರೆ ನಮ್ಮ ಮೇಡಂ ಒಪ್ಪಲ್ಲ.

ಹೊಸನಗರದ ಮೇಷ್ಟ್ರು:

ಒಪ್ಪಬಾರದು ಕೂಡ. ಜನಗಣತಿಯ ಜಾಲತಾಣದಲ್ಲಿ ಸಿ-14 ಅನ್ನುವ ಕೋಷ್ಟಕ ಇದೆ, ಐದೈದು ವರ್ಷದ ವಯೋಗುಂಪು, ಗಂಡು ಹೆಣ್ಣು ಬೇರೆ ಬೇರೆ. ಚಿಕ್ಕಮಗಳೂರಿನ 2001 ಮತ್ತು 2011 ಎರಡನ್ನೂ ಇಳಿಸಿಕೋ. 2001ರಲ್ಲಿ 15–19 ಇದ್ದವರು 2011ಕ್ಕೆ 25–29 ಆಗಿರಬೇಕು ಅಲ್ವಾ? ಆ ವಯಸ್ಸಲ್ಲಿ ಸಾಯುವವರು ತೀರಾ ಕಡಿಮೆ. ಎರಡು ಸಂಖ್ಯೆಗಳ ನಡುವೆ ಎಷ್ಟು ಕಡಿಮೆಯಾಗಿದೆಯೋ ಅದರಲ್ಲಿ ಬಹುಪಾಲು ಊರು ಬಿಟ್ಟವರು. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು, ಬೇರೆ ಬೇರೆ ಮಾಡು. ಹೆಂಗಸರ ವಲಸೆಗೆ ನಮ್ಮ ದೇಶದಲ್ಲಿ ದೊಡ್ಡ ಕಾರಣ ಮದುವೆ, ಅದನ್ನು ಪಕ್ಕದಲ್ಲೇ ಬರೆದುಬಿಡು, ಇಲ್ಲದಿದ್ದರೆ ಮೇಡಂ ಅಲ್ಲೇ ಹಿಡಿಯುತ್ತಾರೆ.