ಅಪ್‌ಡೇಟ್: ಹೆಜ್ಜಾರ್ಲೆ ಕೂತ ನಮ್ಮ ಹುಣಸೆಮರ

ಕೊಕ್ಕರೆ ಬೆಳ್ಳೂರಿನ ನಮ್ಮ ಹಿತ್ತಲ ಹುಣಸೆಮರದಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಗೂಡು ಕಟ್ಟಿವೆ, ಫಸಲು ಹೋದದ್ದಕ್ಕೆ ದುಡ್ಡು ಸಿಗುತ್ತಾ, ಜಾಗದಲ್ಲಿ ಬೇರೆ ಏನಾದರೂ ಮಾಡಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಗೂಡಿರುವ ಮರಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ನಮ್ಮ ಮರವನ್ನೂ ಪಟ್ಟಿಗೆ ಸೇರಿಸಿಕೊಂಡರು.

ಜಮೀನಿನ ವಿಷಯ ಸ್ವಲ್ಪ ಬೇರೆ. 2007ರಿಂದ ನಮ್ಮ ಊರು ಸಮುದಾಯ ಮೀಸಲು ಪ್ರದೇಶ, ಅಂದರೆ ಊರಿನವರ ಜಾಗದಲ್ಲೇ ಹಕ್ಕಿಗಳನ್ನು ಕಾಪಾಡಲು ಗುರುತಿಸಿದ ಪ್ರದೇಶ. ಜಾಗ ನಮ್ಮದೇ, ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಅದರ ಬಳಕೆ ಬದಲಿಸಬೇಕಾದರೆ ಮೀಸಲು ಪ್ರದೇಶದ ನಿರ್ವಹಣಾ ಸಮಿತಿ ಠರಾವು ಮಾಡಬೇಕು, ಸರ್ಕಾರವೂ ಒಪ್ಪಬೇಕು. ನನಗೆ ಇದು ಸರಿ ಅನ್ನಿಸಿತು. ಪರಿಹಾರ ಮಾತ್ರ ಹುಣಸೆಹಣ್ಣಿನ ಬೆಲೆಗೆ ತಕ್ಕಂತೆ ಏರಬೇಕು, ಅಲ್ವಾ?

ಹಿಕ್ಕೆ ಬಿದ್ದು ಎಲೆಗಳೆಲ್ಲ ಸುಣ್ಣ ಬಳಿದ ಹಾಗಿವೆ. ಅಮ್ಮ ಮರದ ಬುಡದಲ್ಲಿ ಗುಂಡಿ ತೋಡಿಸಿದ್ದಾರೆ, ಗೊಬ್ಬರಕ್ಕೆ.