ಮಾಲ್ಡೀವ್ಸ್ ಪ್ರವಾಸ: ಕೈಯಲ್ಲಿ ಎಷ್ಟು ಹಣವಿರಬೇಕು, ಭಕ್ಷೀಸು ಯಾರಿಗೆ ಮತ್ತು ಹೇಗೆ ಕೊಡಬೇಕು?

ಪ್ರಶ್ನೆ (ಮಂಡ್ಯದಿಂದ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ನನ್ನ ಯಜಮಾನರು ಮತ್ತು ಅತ್ತೆ ಮಾವ ಮಾಲ್ಡೀವ್ಸಿಗೆ ಹೊರಟಿದ್ದೇವೆ. ಮೊದಲ ಮೂರು ರಾತ್ರಿ ಮಾಫುಶಿ ದ್ವೀಪದ ಒಂದು ಸಣ್ಣ ಅತಿಥಿಗೃಹದಲ್ಲಿ, ಕೊನೆಯ ಎರಡು ರಾತ್ರಿ ಒಂದು ರೆಸಾರ್ಟಿನಲ್ಲಿ ತಂಗುತ್ತೇವೆ. ನಮ್ಮ ಮನೆಯಲ್ಲಿ ಯಾರೂ ಈವರೆಗೆ ವಿದೇಶಕ್ಕೆ ಹೋದವರಲ್ಲ.

ಭಕ್ಷೀಸಿನ ವಿಷಯದಲ್ಲಿ ಮನೆಯಲ್ಲಿಯೇ ಎರಡು ಮಾತು ಎದ್ದಿದೆ. ನಮ್ಮ ಮಾವನವರು ಹೋಟೆಲಿನಲ್ಲಿ ದೋಸೆ ತಿಂದರೂ ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಪಕ್ಕ ಹತ್ತು ರೂಪಾಯಿ ಇಡದೆ ಏಳುವವರಲ್ಲ. ಗ್ಯಾಸ್ ಸಿಲಿಂಡರ್ ತಂದು ಇಳಿಸಿದ ಹುಡುಗನಿಗೂ "ಕಾಫಿಗೆ ಇಟ್ಟುಕೋಪ್ಪ" ಎಂದು ಕೈಗೆ ಕೊಡುತ್ತಾರೆ. ಯಜಮಾನರು ಮಾತ್ರ, ರೆಸಾರ್ಟಿನ ಬಿಲ್ಲಿನಲ್ಲಿ ಶೇಕಡಾ 10ರ ಸೇವಾ ಶುಲ್ಕವನ್ನು ಅವರೇ ಸೇರಿಸುತ್ತಾರೆ, ಮತ್ತೆ ಯಾಕೆ ಕೊಡಬೇಕು ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ ಎಂದು ನನಗೆ ತೋರುತ್ತದೆ. ಹಣವನ್ನು ಡಾಲರಿನಲ್ಲಿ ಒಯ್ಯಬೇಕೇ, ಅಲ್ಲಿನ ರುಫಿಯಾದಲ್ಲಿಯೇ, ಕಾರ್ಡ್ ಒಂದೇ ಸಾಕೇ? ಭಕ್ಷೀಸು ಕೊಡುವುದಾದರೆ ಯಾರಿಗೆ, ಎಷ್ಟು? ಹೋಗಿ ಬಂದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1 (ಕುವೆಂಪುನಗರ, ಮೈಸೂರು)

ಮೇಡಂ, ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆದ್ದರಿಂದ ಹಣ ಒಯ್ಯುವ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ರುಫಿಯಾ ನಮ್ಮ ಊರಿನ ವಿನಿಮಯ ಕೇಂದ್ರಗಳಲ್ಲಿ ಸಿಗುವ ನಾಣ್ಯವಲ್ಲ. ಅದನ್ನು ಹುಡುಕುತ್ತಾ ಅಲೆಯಬೇಡಿ. ಡಾಲರನ್ನೇ ಕೊಳ್ಳಿರಿ. ಅಧಿಕೃತ ಪರವಾನಗಿ ಇರುವವರ ಬಳಿಯಲ್ಲಿಯೇ, ಪಾಸ್‌ಪೋರ್ಟ್, ಪ್ಯಾನ್ ಮತ್ತು ಟಿಕೆಟ್ ತೋರಿಸಿ, ರಸೀದಿ ಪಡೆದು ಕೊಳ್ಳುವುದು ಮುಖ್ಯ. ಐವತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟು ಡಾಲರ್ ಕೊಳ್ಳುವಂತಿಲ್ಲ, ಖಾತೆಯಿಂದಲೇ ಪಾವತಿಸಬೇಕು. ಒಬ್ಬರು ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ 3,000 ಡಾಲರಿನವರೆಗೆ ಒಯ್ಯಬಹುದಾದರೂ ನಿಮಗೆ ಅದರ ಸಣ್ಣ ಪಾಲು ಸಾಕು. ವಿನಿಮಯ ಕೇಂದ್ರದವರಿಗೆ ಒಂದು ವಾರ ಮೊದಲೇ ಫೋನ್ ಮಾಡಿ, ಐದು ಮತ್ತು ಹತ್ತು ಡಾಲರಿನ ನೋಟುಗಳು, ಸಾಧ್ಯವಾದರೆ ಒಂದರ ನೋಟುಗಳೂ ಬೇಕೆಂದು ಹೇಳಿಡಿ. ಕೊನೆಯ ದಿನ ಹೋದರೆ ನೂರರ ನೋಟುಗಳನ್ನೇ ಕೈಗಿಡುತ್ತಾರೆ, ಅದರಿಂದ ಭಕ್ಷೀಸು ಕೊಡಲಾಗುವುದಿಲ್ಲ.

ಅಲ್ಲಿ ಒಂದು ಡಾಲರಿಗೆ ಸುಮಾರು 15.42 ರುಫಿಯಾ, ಈ ದರ 2011ರಿಂದ ಹೆಚ್ಚುಕಡಿಮೆ ಹೀಗೆಯೇ ನಿಂತಿದೆ. ಇನ್ನು ಬಿಲ್ಲಿನ ಲೆಕ್ಕವನ್ನು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು. ರೆಸಾರ್ಟಿನ ಪಟ್ಟಿಯಲ್ಲಿ 100 ಡಾಲರ್ ಎಂದಿದ್ದರೆ ಅದಕ್ಕೆ ಶೇಕಡಾ 10ರ ಸೇವಾ ಶುಲ್ಕ ಸೇರಿ 110 ಆಗುತ್ತದೆ, ಆ 110ರ ಮೇಲೆ 2025ರ ಜುಲೈಯಿಂದ ಶೇಕಡಾ 17ರಷ್ಟಿರುವ ಪ್ರವಾಸೋದ್ಯಮ ತೆರಿಗೆ ಬಿದ್ದು 128.70 ಡಾಲರ್ ಆಗುತ್ತದೆ. ಇದರ ಜೊತೆಗೆ ಹಸಿರು ತೆರಿಗೆ ಬೇರೆ ಇದೆ: 50 ಅಥವಾ ಅದಕ್ಕಿಂತ ಕಡಿಮೆ ಕೋಣೆಗಳಿರುವ ಅತಿಥಿಗೃಹದಲ್ಲಿ ದಿನಕ್ಕೆ ತಲೆಗೆ 6 ಡಾಲರ್, ರೆಸಾರ್ಟಿನಲ್ಲಿ 12 ಡಾಲರ್. ನೀವು ನಾಲ್ವರು, ಮಾಫುಶಿಯಲ್ಲಿ ಮೂರು ದಿನಕ್ಕೆ 72, ರೆಸಾರ್ಟಿನಲ್ಲಿ ಎರಡು ದಿನಕ್ಕೆ 96, ಒಟ್ಟು 168 ಡಾಲರ್. ಇವು ನಿಮ್ಮ ಪ್ಯಾಕೇಜಿನ ಬೆಲೆಯಲ್ಲಿ ಸೇರಿವೆಯೇ ಎಂದು ಹೊರಡುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ಉತ್ತರ 2 (ಜಯಲಕ್ಷ್ಮೀಪುರಂ, ಮೈಸೂರು)

ಮೇಲಿನ ಹಿರಿಯರು ಹೇಳಿದ್ದಕ್ಕೆ ನನ್ನ ಅನುಭವದ ಎರಡು ವಿಷಯಗಳನ್ನು ಸೇರಿಸುತ್ತೇನೆ. ನಾವು ಒಯ್ದ ನೋಟುಗಳಲ್ಲಿ ಒಂದರ ಅಂಚು ಸ್ವಲ್ಪ ಹರಿದಿತ್ತು, ಇನ್ನೊಂದರ ಮೇಲೆ ಶಾಯಿಯ ಗುರುತಿತ್ತು. ಎರಡನ್ನೂ ಅಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಆದುದರಿಂದ ನೋಟುಗಳನ್ನು ಇಲ್ಲಿಯೇ ಒಂದೊಂದಾಗಿ ನೋಡಿ ತೆಗೆದುಕೊಳ್ಳಿ.

ಎರಡನೆಯದು ಕಾರ್ಡಿನ ವಿಷಯ. ರೆಸಾರ್ಟಿನಲ್ಲಿ ಕಾರ್ಡ್ ಹಾಕಿದಾಗ, ಹಣವನ್ನು ಡಾಲರಿನಲ್ಲಿ ಕಡಿಯಬೇಕೇ ರೂಪಾಯಿಯಲ್ಲಿ ಕಡಿಯಬೇಕೇ ಎಂದು ಯಂತ್ರ ಕೇಳಿತು. ರೂಪಾಯಿಯೇ ನಮ್ಮದಲ್ಲವೇ ಎಂದು ಅದನ್ನು ಒತ್ತಿದೆ. ಅವರು ಹಾಕಿದ ದರ ನನ್ನ ಬ್ಯಾಂಕಿನ ದರಕ್ಕಿಂತ ಸಾಕಷ್ಟು ದುಬಾರಿಯಾಗಿತ್ತೆಂದು ಊರಿಗೆ ಬಂದು ಲೆಕ್ಕ ಹಾಕಿದಾಗ ತಿಳಿಯಿತು. ಡಾಲರನ್ನೇ ಒತ್ತಿರಿ. ಫೋನಿನಲ್ಲಿ ಹಣ ಕಳಿಸುವ ನಮ್ಮ ಯುಪಿಐ ಅಭ್ಯಾಸವನ್ನು ಅಲ್ಲಿ ನೆಚ್ಚಿಕೊಳ್ಳಬೇಡಿ. ಮಾಫುಶಿಯಲ್ಲಿ ಎಟಿಎಂ ಇದೆ. ಅಂಗಡಿಯಲ್ಲಿ ನೀರಿನ ಬಾಟಲಿ, ಎಳನೀರು ಕೊಳ್ಳಲು ಸ್ವಲ್ಪ ರುಫಿಯಾ ತೆಗೆದುಕೊಂಡರೆ ಸಾಕು, ಉಳಿಸಿಕೊಂಡು ಬಂದರೆ ಇಲ್ಲಿ ಬದಲಾಯಿಸಿಕೊಳ್ಳಲು ಆಗುವುದಿಲ್ಲ.

ಉತ್ತರ 3 (ಪಾಂಡವಪುರ)

ಅಕ್ಕಾ, ನನ್ನ ತಮ್ಮ ಆರು ವರ್ಷದಿಂದ ಅಲ್ಲಿನ ಒಂದು ರೆಸಾರ್ಟಿನಲ್ಲಿ ಕೋಣೆ ಶುಚಿ ಮಾಡುವ ಕೆಲಸದಲ್ಲಿದ್ದಾನೆ. ನಿಮ್ಮ ಪ್ರಶ್ನೆಯನ್ನು ಅವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನು ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ನಿಮ್ಮ ಯಜಮಾನರು ಹೇಳುವುದು ತಪ್ಪಲ್ಲ. ಆ ಸೇವಾ ಶುಲ್ಕವನ್ನು ನೌಕರರಿಗೆ ಹಂಚಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ, ಅವನ ಕೈಗೂ ಪ್ರತಿ ತಿಂಗಳು ಅದರ ಪಾಲು ಬರುತ್ತದೆ. ಆದರೆ ಅತಿಥಿಗಳು ಕಡಿಮೆಯಿರುವ ಮಳೆಗಾಲದ ತಿಂಗಳುಗಳಲ್ಲಿ ಆ ಪಾಲು ತೀರಾ ಇಳಿದುಹೋಗುತ್ತದೆ. ಆಗ ಅತಿಥಿಗಳು ಕೈಯಾರೆ ಕೊಟ್ಟ ಡಾಲರುಗಳೇ ಅವನು ಊರಿಗೆ ಕಳಿಸುವ ಹಣವಾಗುತ್ತವೆ. ನಮ್ಮ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ನಡೆದದ್ದು ಅಂಥ ಹಣದಿಂದಲೇ, ಹಾಗಾಗಿ ಈ ವಿಷಯದಲ್ಲಿ ನಾನು ನಿಮ್ಮ ಮಾವನವರ ಪಕ್ಷ.

ಕೊಡುವ ರೀತಿಯ ಬಗ್ಗೆ ಅವನು ಒತ್ತಿ ಹೇಳಿದ ಮಾತೊಂದಿದೆ. ಅನೇಕರು ಹೊರಡುವ ದಿನ ಮೇಜಿನ ಮೇಲೆ ಹಣವನ್ನು ಸುಮ್ಮನೆ ಇಟ್ಟು ಹೋಗುತ್ತಾರೆ. ಅದು ಮರೆತುಬಿಟ್ಟದ್ದೋ, ಕೊಟ್ಟದ್ದೋ ಎಂದು ತಿಳಿಯದೆ ಕೋಣೆಯವರು ಅದನ್ನು ಮುಟ್ಟುವುದಿಲ್ಲ, ಕಚೇರಿಗೆ ಒಪ್ಪಿಸುತ್ತಾರೆ. ಅತಿಥಿಯ ಹಣ ಎತ್ತಿದರೆಂಬ ಮಾತು ಬಂದರೆ ಕೆಲಸವೇ ಹೋಗುತ್ತದೆ. ಆದ್ದರಿಂದ ಕೈಗೇ ಕೊಡಿ, ಇಲ್ಲವಾದರೆ ದಿಂಬಿನ ಮೇಲೆ ಒಂದು ಚೀಟಿಯಲ್ಲಿ "ಕೋಣೆ ಶುಚಿ ಮಾಡಿದವರಿಗೆ" ಎಂದು ಇಂಗ್ಲಿಷಿನಲ್ಲಿ ಬರೆದು ಅದರ ಜೊತೆಗೆ ಇಡಿ. ಸರದಿ ಬದಲಾಗುವುದರಿಂದ ಎಲ್ಲವನ್ನೂ ಕೊನೆಯ ದಿನಕ್ಕೆ ಉಳಿಸಬಾರದು. ಎರಡು ದಿನ ನಿಮ್ಮ ಹಾಸಿಗೆ ಸರಿಮಾಡಿದವನು ಒಬ್ಬ, ಹೊರಡುವ ದಿನ ಬರುವವನು ಇನ್ನೊಬ್ಬ.

ಎಷ್ಟು ಎಂದರೆ, ಕೋಣೆಯವರಿಗೆ ದಿನಕ್ಕೆ ಎರಡರಿಂದ ಐದು ಡಾಲರ್, ಸಾಮಾನು ಹೊತ್ತವರಿಗೆ ಚೀಲಕ್ಕೆ ಒಂದು, ನೀರಿನೊಳಗಿನ ಮೀನು ತೋರಿಸಲು ದೋಣಿಯಲ್ಲಿ ಕರೆದೊಯ್ದವರಿಗೆ ಎಲ್ಲರೂ ಸೇರಿ ಹತ್ತು ಡಾಲರ್ ಕೊಟ್ಟರೆ ಮರ್ಯಾದೆಯಾಗಿರುತ್ತದೆ. ರೂಪಾಯಿ ಕೊಡಬೇಡಿ, ಅವರು ಅದನ್ನು ಬದಲಾಯಿಸಿಕೊಳ್ಳಲಾರರು. ಡಾಲರಿನ ಚಿಲ್ಲರೆ ನಾಣ್ಯವೂ ಬೇಡ, ಅದನ್ನೂ ಯಾರೂ ಬದಲಾಯಿಸಿಕೊಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ (ಮಂಡ್ಯ)

ತಮ್ಮಾ, ನಿಮ್ಮ ಉತ್ತರವನ್ನು ಮನೆಯಲ್ಲಿ ಎಲ್ಲರ ಮುಂದೆ ಓದಿದೆ. ಯಜಮಾನರು ಒಪ್ಪಿದ್ದಾರೆ, ಆದರೆ ಒಂದು ಸಂದೇಹ ಕೇಳುತ್ತಿದ್ದಾರೆ. ಊಟದ ಬಿಲ್ಲಿಗೆ ಸಹಿ ಹಾಕುವಾಗ ಅದರಲ್ಲಿ ಭಕ್ಷೀಸಿಗೆಂದು ಖಾಲಿ ಸಾಲು ಇರುತ್ತದಂತೆ. ಅಲ್ಲಿ ಬರೆಯಬೇಕೇ? ಅತ್ತೆಯವರಿಗೆ ಇನ್ನೊಂದು ಚಿಂತೆ: ನಮಗಾಗಿ ಬೇರೆಯಾಗಿ ಸಸ್ಯಾಹಾರ ಮಾಡಿಕೊಡುವ ಅಡುಗೆಯವರು ನಮ್ಮ ಕಣ್ಣಿಗೇ ಬೀಳುವುದಿಲ್ಲ, ಅವರಿಗೆ ಹೇಗೆ ಮುಟ್ಟಿಸುವುದು?

ಉತ್ತರ 3ರವರಿಂದ ಮತ್ತೆ (ಪಾಂಡವಪುರ)

ಅಕ್ಕಾ, ಸೇವಾ ಶುಲ್ಕ ಆಗಲೇ ಸೇರಿರುವುದರಿಂದ ಆ ಸಾಲಿನಲ್ಲಿ ಒಂದು ಗೆರೆ ಎಳೆದು ಒಟ್ಟು ಮೊತ್ತ ಬರೆದು ಸಹಿ ಮಾಡಿ. ಬಡಿಸಿದವರಿಗೆ ಕೊಡಬೇಕೆನಿಸಿದರೆ ಹೊರಡುವ ಹಿಂದಿನ ರಾತ್ರಿ ಐದೋ ಹತ್ತೋ ಡಾಲರ್ ಕೈಗೆ ಕೊಡಿ.

ಅತ್ತೆಯವರು ಕೇಳಿದ ಪ್ರಶ್ನೆಯನ್ನು ತಮ್ಮನಿಗೆ ಹೇಳಿದಾಗ ಅವನಿಗೆ ತುಂಬಾ ಸಂತೋಷವಾಯಿತು. ಸ್ವಾಗತ ಕಚೇರಿಯಲ್ಲಿ ನೌಕರರೆಲ್ಲರ ಪೆಟ್ಟಿಗೆಯೊಂದು ಇದೆಯೇ ಎಂದು ಕೇಳಿ. ಅವನಿರುವ ಕಡೆ ಅದರಲ್ಲಿ ಬಿದ್ದ ಹಣ ಅಡುಗೆಮನೆ, ಬಟ್ಟೆ ಒಗೆಯುವವರು, ಬೆಳಗಿನ ಜಾವಕ್ಕೆ ಎದ್ದು ದಂಡೆಯ ಮರಳು ಗುಡಿಸುವವರು ಇವರೆಲ್ಲರಿಗೂ ಹಂಚಿಹೋಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಬಡಿಸುವವರಿಗೆ ಹೇಳಿ, ಅಡುಗೆ ಮಾಡಿದವರನ್ನು ಒಂದು ನಿಮಿಷ ಹೊರಗೆ ಕರೆಸಿ, ಅತ್ತೆಯವರ ಕೈಯಿಂದಲೇ ಕೊಡಿಸಿ.